ಮೆಟ್ಟಿಲು ಖಾಲಿ ಇಟ್ಟೇ ಗೊಂಬೆ ಹಬ್ಬ ಶುರು ಮಾಡಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ದಸರೆ ಹತ್ತಿರ ಬಂದಂತೆ ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಹಲವು ಮನೆಗಳಿಂದ ಒಂದೇ ಮಾತು ಕಿವಿಗೆ ಬೀಳುತ್ತಿದೆ: "ಈ ಸಲ ಗೊಂಬೆ ಕೂರಿಸೋದು ಬೇಡ ಬಿಡಿ." ಕಾರಣ ಮನೆಗೊಂದು. ಬೆಳೆ ಕೈಗೆ ಹತ್ತಲಿಲ್ಲ, ಮಗನ ಕೆಲಸ ಹೋಯಿತು, ಸಾಲದ ಕಂತು ತಲೆ ಮೇಲಿದೆ, ಹಿರಿಯರು ಹಾಸಿಗೆ ಹಿಡಿದಿದ್ದಾರೆ. ಇವು ಯಾವುವೂ ಸಣ್ಣ ಕಾರಣಗಳಲ್ಲ. ಆದರೂ, ಮಕ್ಕಳಿಗೆ ಗೊಂಬೆ ಕೆಲಸ ಹೇಳಿಕೊಡುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿರುವುದು ಒಂದೇ ವಿಷಯ ಹೇಳಲಿಕ್ಕೆ. ಕಷ್ಟದ ವರ್ಷದಲ್ಲಿ ಬಿಡಬೇಕಾದದ್ದು ಗೊಂಬೆಯನ್ನಲ್ಲ, ಗೊಂಬೆ ಕೊಳ್ಳುವುದನ್ನು. ಪಾಡ್ಯದ ದಿನ ಮೆಟ್ಟಿಲು ಖಾಲಿಯೇ ಇರಲಿ. ಮೇಲೆ ಕಳಶ, ಪಕ್ಕದಲ್ಲಿ ರಾಜ-ರಾಣಿಯ ಜೋಡಿಯಾದ ಪಟ್ಟದ ಗೊಂಬೆ, ಅಷ್ಟೇ. ಉಳಿದ ಮೆಟ್ಟಿಲುಗಳನ್ನು ರಜೆಯ ಒಂಬತ್ತು ದಿನದಲ್ಲಿ ಮನೆಯವರೇ ಕೈಯಾರೆ ಒಂದೊಂದಾಗಿ ತುಂಬಿಸಲಿ.

ಇದರಿಂದ ಹಬ್ಬಕ್ಕೆ ಕುಂದೇನೂ ಇಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ ಈ ದಸರೆ ಒಳ್ಳೆಯ ಕಾಲ, ಕೆಟ್ಟ ಕಾಲ ಎರಡನ್ನೂ ಕಂಡಿದೆ. ಕೊರೊನಾ ಇದ್ದ 2020 ಮತ್ತು 2021ರಲ್ಲಿ ಜಂಬೂಸವಾರಿ ಅರಮನೆಯ ಆವರಣ ದಾಟಲಿಲ್ಲ. ಬನ್ನಿಮಂಟಪದ ತನಕ ಸುಮಾರು 5 ಕಿಲೋಮೀಟರ್ ಸಾಗುವ ಮೆರವಣಿಗೆ ಅಂಗಳದೊಳಗೇ ಮುಗಿಯಿತು. ಆದರೂ ಅದು ದಸರೆಯೇ ಆಗಿತ್ತು.

ಮೊದಲು ಮೆಟ್ಟಿಲಿನ ವಿಷಯ. ಬಾಡಿಗೆಗೆ ಸ್ಟ್ಯಾಂಡ್ ತರಬೇಕಿಲ್ಲ. ಸಂಖ್ಯೆ ಬೆಸ ಇರಬೇಕೆಂಬುದು ವಾಡಿಕೆ, 3 ಆದರೂ ಸರಿ, 5 ಆದರೂ ಸರಿ. ಒಂದೊಂದು ಮೆಟ್ಟಿಲು 7 ಇಂಚು ಎತ್ತರ, 9 ಇಂಚು ಅಗಲ ಇದ್ದರೆ ಗೊಂಬೆ ಹಿಂದುಮುಂದಾಗಿ ನಿಲ್ಲಲು ಜಾಗ ಸಿಗುತ್ತದೆ. ಟ್ರಂಕು, ಬೆಂಚು, ಹಳೆಯ ಪಠ್ಯಪುಸ್ತಕದ ಕಟ್ಟು, ರಟ್ಟಿನ ಪೆಟ್ಟಿಗೆ ಎಲ್ಲವೂ ಆಗುತ್ತದೆ. ರಟ್ಟಿನ ಪೆಟ್ಟಿಗೆ ನಡುವೆ ಕುಸಿಯುತ್ತದೆ ಎಂದು ಜನ ಹೇಳುವುದುಂಟು. ಪೆಟ್ಟಿಗೆಯನ್ನು ಅಡ್ಡ ಮಲಗಿಸಿಟ್ಟರೆ ಹಾಗಾಗುತ್ತದೆ. ರಟ್ಟಿನ ಅಂಚನ್ನು ಗಮನಿಸಿ ನೋಡಿದರೆ ಒಳಗೆ ಅಲೆ ಅಲೆಯಾದ ಕಾಗದ ಕಾಣಿಸುತ್ತದೆ. ಆ ಅಲೆಯ ಗೆರೆಗಳು ಮೇಲಿಂದ ಕೆಳಕ್ಕೆ ಇಳಿಯುವಂತೆ ಪೆಟ್ಟಿಗೆ ನಿಲ್ಲಿಸಿ, ಒಳಗೆ ಹಳೇ ಪೇಪರ್ ಗಿಡಿದು, ಮೇಲೊಂದು ಹಲಗೆಯ ತುಂಡು ಇಟ್ಟರೆ ಮಣ್ಣಿನ ಗೊಂಬೆಯ ಭಾರವನ್ನೂ ತಡೆಯುತ್ತದೆ.

ಹಾಸುವುದಕ್ಕೆ ತಾತನ ಬಿಳಿ ಪಂಚೆ ಸಾಕು. ಐದು ಮೆಟ್ಟಿಲಿಗೆ ಲೆಕ್ಕ ಹಾಕಿದರೆ 80 ಇಂಚು ಆಗುತ್ತದೆ. ಆದರೆ ಅಷ್ಟನ್ನೇ ಎಳೆದು ಹಾಸಬೇಡಿ. ಪ್ರತಿ ಮೆಟ್ಟಿಲಿನ ಒಳಮೂಲೆಯಲ್ಲೂ 2 ಇಂಚು ಸಡಿಲ ಬಿಟ್ಟು ಅಲ್ಲೇ ಪಿನ್ನು ಚುಚ್ಚಿ. ಸಡಿಲ ಬಿಡದಿದ್ದರೆ ಕೆಳಗಿನ ಮೆಟ್ಟಿಲ ಬಟ್ಟೆಯನ್ನು ಮಗುವೊಂದು ತುಸು ಜಗ್ಗಿದರೂ ಮೇಲಿನ ಸಾಲಿನ ಗೊಂಬೆಗಳೆಲ್ಲ ಮುಗ್ಗರಿಸುತ್ತವೆ. ಒಟ್ಟು 90 ಇಂಚು, ಅಂದರೆ ಎರಡೂಕಾಲು ಮೀಟರ್‌ಗೆ ತುಸು ಹೆಚ್ಚು.

ಪಟ್ಟದ ಗೊಂಬೆ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಮದುವೆಯಲ್ಲಿ ತವರಿನಿಂದ ಬಂದ ಜೋಡಿ ಪೆಟ್ಟಿಗೆಯಲ್ಲಿದ್ದರೆ ಅದನ್ನೇ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಹೊಸ ಉಡುಗೆ ಮಾತ್ರ ಮಾಡಿ. ಇಲ್ಲದವರು ಎರಡು ಮರದ ಸೌಟು ತೆಗೆದುಕೊಳ್ಳಬಹುದು. ಗುಂಡಗಿನ ಭಾಗವೇ ಮುಖ, ಹಿಡಿಕೆಯೇ ಮೈ. ಹಿಡಿಕೆಯನ್ನು ಮರಳು ತುಂಬಿದ ಸಣ್ಣ ಡಬ್ಬಿಯಲ್ಲಿ ನೆಟ್ಟರೆ ನೆಟ್ಟಗೆ ನಿಲ್ಲುತ್ತದೆ. ರವಿಕೆ ಕಣದ ತುಂಡಿನಿಂದ ರಾಣಿಗೆ ನೆರಿಗೆಯ ಸೀರೆ ಉಡಿಸುವುದು ಸುಲಭ. ಕಷ್ಟ ಇರುವುದು ರಾಜನ ಪೇಟದಲ್ಲಿ. ಮೈಸೂರಿನಲ್ಲಿ ಕೂರಿಸುವ ಗೊಂಬೆಗೆ ಪೇಟ ಸರಿಯಾಗಿರಲೇಬೇಕು ಎಂಬುದು ನಮ್ಮ ಹಟ, ಹಾಗಾಗಿ ಅದನ್ನು ವಿವರವಾಗಿಯೇ ಹೇಳುತ್ತೇವೆ.

ಗೊಂಬೆಯ ತಲೆಗೆ ಸರಿಹೊಂದುವಂತೆ ಅರ್ಧ ಇಂಚು ಅಗಲದ ದಪ್ಪ ಕಾಗದದ ಬಳೆ ಮಾಡಿ. ಹರಿದ ರೇಷ್ಮೆ ಸೀರೆಯಿಂದ ಒಂದೂವರೆ ಇಂಚು ಅಗಲ, 18 ಇಂಚು ಉದ್ದದ ಪಟ್ಟಿ ಕತ್ತರಿಸಿ. ಒಂದು ಬದಿಯಲ್ಲಿ ಜರಿ ಅಂಚು ಇದ್ದರೆ ಇನ್ನೂ ಚೆಂದ. ಪಟ್ಟಿಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ, ಜರಿ ಮೇಲಕ್ಕೆ ಬರಲಿ. ಈಗ ಬಳೆಯ ಮೇಲೆ ಓರೆಯಾಗಿ ಸುತ್ತಿ. ಮೊದಲ ಸುತ್ತು ಎಡ ಹುಬ್ಬಿನ ಮೇಲಿಂದ ಬಲಗಿವಿಯ ಕಡೆಗೆ ಏರಿದರೆ, ಎರಡನೆಯದು ಬಲ ಹುಬ್ಬಿನಿಂದ ಎಡಗಿವಿಗೆ. ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚಬೇಕು, ಪೂರ್ತಿ ಮುಚ್ಚಿದರೆ ಹಗ್ಗ ಸುತ್ತಿದ ಹಾಗೆ ಕಾಣುತ್ತದೆ. ಹಣೆಯ ನಡುವೆ ಎರಡು ಓರೆಗಳೂ ಸೇರುವ ಜಾಗದಲ್ಲಿ ಒಂದು ಮುತ್ತು. ಕೊನೆಯ ತುದಿಯನ್ನು ಹಿಂದೆ ಸಿಕ್ಕಿಸಿ ಎರಡು ಹೊಲಿಗೆ ಹಾಕಿ. ಫೆವಿಕಾಲ್ ಹಚ್ಚಬೇಡಿ, ರೇಷ್ಮೆಯ ಮೇಲೆ ಅದರ ಕಲೆ ಹೋಗುವುದೇ ಇಲ್ಲ. ಮೊದಲ ಪೇಟ ಸೊಟ್ಟಗೆ ಬರುತ್ತದೆ. ಮೂರನೆಯದು ತಲೆಗೆ ಕೂರುತ್ತದೆ. ಅಜ್ಜಿಯಂದಿರ ಕೈಗೆ ಇದನ್ನು ಕೊಟ್ಟು ನೋಡಿ, ಮಲಗಿದಲ್ಲೇ ದಿಂಬಿಗೆ ಒರಗಿಕೊಂಡು ಮಾಡಬಹುದಾದ ಕೆಲಸ ಇದು.

ಇನ್ನು ಮೆಟ್ಟಿಲು ತುಂಬಿಸುವ ಗೊಂಬೆಗಳು. ಅಂಗಡಿಯಲ್ಲಿ ದಶಾವತಾರದ ಒಂದು ಸೆಟ್ಟಿಗೆ ಸಾವಿರಾರು ರೂಪಾಯಿ ತೆರಬೇಕು. ಮನೆಯಲ್ಲಿ ರದ್ದಿಗೆ ಕಟ್ಟಿಟ್ಟಿರುವ ದಿನಪತ್ರಿಕೆಯೇ ನಮ್ಮ ಜೇಡಿಮಣ್ಣು. ಹಿಂದೆ ನಮ್ಮ ಕಡೆಯ ಹೆಂಗಸರು ಕಾಗದ, ಮೆಂತ್ಯ ಅರೆದು ಮೊರಕ್ಕೆ ಮೆತ್ತುತ್ತಿದ್ದರು, ಬುಟ್ಟಿ ಮಾಡುತ್ತಿದ್ದರು. ಗೊಂಬೆಗೂ ಅದೇ ಪಾಕ.

ಹತ್ತು ದೊಡ್ಡ ಹಾಳೆ ತೆಗೆದುಕೊಂಡು ಹೆಬ್ಬೆರಳಗಲದ ಚೂರುಗಳಾಗಿ ಕೈಯಲ್ಲೇ ಹರಿಯಿರಿ. ಕತ್ತರಿ ಬೇಡ. ಹರಿದ ಅಂಚಿನಲ್ಲಿ ನಾರು ಬಿಚ್ಚಿಕೊಂಡಿರುತ್ತದೆ, ಅದು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಯಲಿ. ಬೆಳಿಗ್ಗೆ ಅರ್ಧ ಗಂಟೆ ಕುದಿಸಿ, ಆರಿದ ಮೇಲೆ ಮಿಕ್ಸಿಗೆ ಹಾಕಿ. ಇಲ್ಲಿ ಬಹಳ ಜನ ಎಡವುತ್ತಾರೆ. ಜಾರಿನ ತುಂಬ ಕಾಗದ ತುರುಕಿ ಸ್ವಲ್ಪ ನೀರು ಹಾಕಿದರೆ ಬ್ಲೇಡು ಸಿಕ್ಕಿಕೊಂಡು ಮೋಟಾರು ಸುಡುತ್ತದೆ. ಒಂದು ಹಿಡಿ ಕಾಗದಕ್ಕೆ ಮುಕ್ಕಾಲು ಜಾರ್ ನೀರು, ಹತ್ತು ಸೆಕೆಂಡು ತಿರುಗಿಸಿ ನಿಲ್ಲಿಸಿ, ಮತ್ತೆ ಹತ್ತು ಸೆಕೆಂಡು. ಮಿಕ್ಸಿ ಇಲ್ಲದಿದ್ದರೆ ಒರಳು ಇದ್ದೇ ಇದೆ. ಆಮೇಲೆ ತೆಳು ಬಟ್ಟೆಯಲ್ಲಿ ಹಿಂಡಿ. ಸುಮಾರು ನಾಲ್ಕು ಲೋಟ ತಿರುಳು ಸಿಗುತ್ತದೆ. ಐದಿಂಚಿನ ಆರೇಳು ಗೊಂಬೆಗೆ ಅಷ್ಟು ಸಾಕು.

ಆ ನಾಲ್ಕು ಲೋಟಕ್ಕೆ ಒಂದು ಲೋಟ ಮೈದಾ ಅಂಟು, ಒಂದು ಲೋಟ ಸೀಮೆಸುಣ್ಣದ ಪುಡಿ, ಎರಡು ಚಮಚ ಮೆಂತ್ಯದ ಪುಡಿ, ಒಂದು ಚಮಚ ಒಣಗಿದ ಬೇವಿನೆಲೆಯ ಪುಡಿ. ಅಂಟು ಮಾಡುವಾಗ ಮೈದಾವನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಆಮೇಲೆ ಒಲೆಯ ಮೇಲಿಟ್ಟು ಬಿಳುಪು ಹೋಗಿ ಗಾಜಿನ ಹಾಗೆ ಹೊಳೆಯುವ ತನಕ ಕೈಯಾಡಿಸಿ. ಅಂಟು ಹೆಚ್ಚಾದರೆ ಗೊಂಬೆ ಒಣಗುವಾಗ ಕುಗ್ಗಿ ಸೀಳುತ್ತದೆ, ಜಿರಳೆಯನ್ನೂ ಕರೆಯುತ್ತದೆ. ಕಡಿಮೆಯಾದರೆ ಉದುರುತ್ತದೆ. ಸೀಮೆಸುಣ್ಣ ಮೈಯನ್ನು ನುಣುಪು ಮಾಡುತ್ತದೆ, ಬಿರುಕನ್ನು ತಡೆಯುತ್ತದೆ. ಕೆಲವರು ಹುಳು ಬೀಳದಿರಲೆಂದು ಮೈಲುತುತ್ತ ಹಾಕುವುದುಂಟು. ಅದು ವಿಷ, ಮಕ್ಕಳು ಕಲಸುವ ಪಾತ್ರೆಗೆ ಖಂಡಿತ ಬೇಡ. ಹದ ಗೊತ್ತಾಗಬೇಕಾದರೆ ರಾಗಿಮುದ್ದೆ ನೆನಪಿಸಿಕೊಳ್ಳಿ. ಉಂಡೆ ಕಟ್ಟಿ ಅಂಗೈಯಲ್ಲಿ ಒತ್ತಿದರೆ ಅಂಚು ಬಿರಿಯಬಾರದು, ಬೆರಳ ಸಂದಿಯಲ್ಲಿ ನೀರು ಇಳಿಯಬಾರದು.

ಗೊಂಬೆಯನ್ನು ಪೂರ್ತಿ ತಿರುಳಿನಲ್ಲೇ ಮಾಡಲು ಹೋಗಬೇಡಿ. ಒಣ ಪೇಪರನ್ನು ಬಿಗಿಯಾಗಿ ಉಂಡೆ, ಸುರುಳಿ ಮಾಡಿ ದಾರ ಸುತ್ತಿ ಒಳಮೈ ಕಟ್ಟಿ. ಬುಡದಲ್ಲಿ ಒಂದು ಬೆಣಚುಕಲ್ಲು ಸೇರಿಸಿ, ಇಲ್ಲದಿದ್ದರೆ ಫ್ಯಾನ್ ಹಾಕಿದ ಕೂಡಲೇ ಗೊಂಬೆ ಮಗುಚುತ್ತದೆ. ಇದರ ಮೇಲೆ ತಿರುಳು ಅರ್ಧ ಇಂಚಿಗಿಂತ ದಪ್ಪ ಬೇಡ. ದಪ್ಪವಾದರೆ ಹೊರಗೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ನಾಲ್ಕನೇ ದಿನ ಬೂಷ್ಟು ಹಿಡಿದು ವಾಸನೆ ಬರುತ್ತದೆ. ದಸರೆಯ ಹೊತ್ತಿಗೆ ನಮ್ಮಲ್ಲಿ ಮಧ್ಯಾಹ್ನದ ಮೇಲೆ ಮಳೆ ಬರುವುದು ಮಾಮೂಲಿ. ಆದ್ದರಿಂದ ಮೊದಲ ದಿನ ನೆರಳಲ್ಲಿ, ಮರುದಿನದಿಂದ ಬೆಳಗಿನ ಬಿಸಿಲಲ್ಲಿ, ಮೋಡ ಕಂಡ ಕೂಡಲೇ ಒಳಗೆ. ಮೊದಲ ದಿನವೇ ಉರಿಬಿಸಿಲಿಗಿಟ್ಟರೆ ಕತ್ತಿನ ಸುತ್ತ ಬಿರುಕು ಬರುತ್ತದೆ. ಬಿರುಕು ಬಂದರೂ ಅಳಬೇಕಿಲ್ಲ, ಅದೇ ತಿರುಳಿಗೆ ನಾಲ್ಕು ಹನಿ ಫೆವಿಕಾಲ್ ಸೇರಿಸಿ ಮೆತ್ತಿದರೆ ಮುಚ್ಚಿಕೊಳ್ಳುತ್ತದೆ. ಒಣಗಿದೆಯೋ ಇಲ್ಲವೋ ನೋಡಲು ಗೊಂಬೆಯನ್ನು ಕೆನ್ನೆಗೆ ಒತ್ತಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ, ಬಣ್ಣ ಹಚ್ಚಬೇಡಿ. ಮಕ್ಕಳಿಗೆ ಈ ಪರೀಕ್ಷೆಯೆಂದರೆ ಬಹಳ ಪ್ರೀತಿ, ದಿನಕ್ಕೆ ಹತ್ತು ಸಲ ಮಾಡುತ್ತಾರೆ.

ಬಣ್ಣಕ್ಕೆ ಮುಂಚೆ ಸೀಮೆಸುಣ್ಣದ ಪುಡಿ, ಫೆವಿಕಾಲ್, ನೀರು ಕಲಸಿ ಮೊಸರಿನ ಹದದಲ್ಲಿ ಒಂದು ಬಿಳಿ ಬಳಿತ. ಇದನ್ನು ಬಿಟ್ಟರೆ ಅಚ್ಚಿನ ಕಪ್ಪು ಬಣ್ಣದೊಳಗಿಂದ ಇಣುಕಿ ಹಳದಿಯೆಲ್ಲ ಬೂದಿಯಾಗುತ್ತದೆ. ಅದು ಒಣಗಿದ ಮೇಲೆ ನಯವಾದ ಉಪ್ಪುಕಾಗದದಿಂದ ಉಜ್ಜಿ, ಆ ಹೊತ್ತು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಉಬ್ಬಸ ಇರುವವರು ಈ ಕೆಲಸದಿಂದ ದೂರ ಇರಲಿ. ಪೋಸ್ಟರ್ ಬಣ್ಣ ಒದ್ದೆ ಕೈಗೆ ಅಂಟುತ್ತದೆ, ಹತ್ತು ಹನಿ ಬಣ್ಣಕ್ಕೆ ಎರಡು ಹನಿ ಫೆವಿಕಾಲ್ ಸೇರಿಸಿದರೆ ನಿಲ್ಲುತ್ತದೆ.

ಕಣ್ಣು ಕೊನೆಗೆ. ಮೈಯೆಲ್ಲ ಮುಗಿದು, ಕೈ ಪಳಗಿದ ಮೇಲೆ. ಬಾದಾಮಿಯಾಕಾರದ ಬಿಳಿ ಬರೆದು ಪೂರ್ತಿ ಒಣಗಲು ಬಿಡಿ. ಆಮೇಲೆ ಕಡ್ಡಿಪೊರಕೆಯ ಕಡ್ಡಿಯ ತುದಿ ಅದ್ದಿ ಕಪ್ಪು ಗುಡ್ಡೆ ಇಡಿ. ಮಕ್ಕಳು ಗುಡ್ಡೆಯನ್ನು ಬಿಳಿಯ ಸರಿಮಧ್ಯದಲ್ಲಿ ಪೂರ್ತಿ ದುಂಡಗೆ ಇಡುತ್ತಾರೆ, ಗೊಂಬೆ ಬೆಚ್ಚಿಬಿದ್ದಂತೆ ಕಾಣುತ್ತದೆ. ಗುಡ್ಡೆಯ ಮೇಲ್ತುದಿ ರೆಪ್ಪೆಯ ಗೆರೆಯೊಳಗೆ ಸ್ವಲ್ಪ ಅಡಗಬೇಕು, ಆಗ ನೋಟ ಶಾಂತವಾಗುತ್ತದೆ. ಎರಡು ಕಣ್ಣು ಸಮ ಇವೆಯೇ ಎಂದು ತಿಳಿಯಬೇಕಾದರೆ ಗೊಂಬೆಯನ್ನು ಕನ್ನಡಿಯ ಮುಂದೆ ಹಿಡಿಯಿರಿ, ನೇರ ನೋಡಿದಾಗ ಕಾಣದ ಸೊಟ್ಟ ಕನ್ನಡಿಯಲ್ಲಿ ತಟ್ಟನೆ ಕಾಣುತ್ತದೆ. ಮನೆಯಲ್ಲಿ ಎಷ್ಟೇ ಬೇಗುದಿ ಇರಲಿ, ಕಣ್ಣು ಬರೆಯುವ ಆ ಐದು ನಿಮಿಷ ಸುತ್ತ ಕೂತವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಾರೆ. ಅದಕ್ಕಾಗಿಯೇ ಎಲ್ಲ ಗೊಂಬೆಗೂ ಒಂದೇ ದಿನ ಕಣ್ಣು ಬರೆಯಬೇಡಿ. ದಿನಕ್ಕೆ ಒಂದು ಅಥವಾ ಎರಡು. ಕಣ್ಣು ಬಂದ ಗೊಂಬೆ ಅವತ್ತು ಸಂಜೆ ಆರತಿಯ ಹೊತ್ತಿಗೆ ಮೆಟ್ಟಿಲೇರಲಿ.

ಆನೆ ಮಾಡುವವರು ಎರಡನೇ ದಿನವೇ ಶುರು ಮಾಡಬೇಕು, ಇಲ್ಲದಿದ್ದರೆ ವಿಜಯದಶಮಿಗೆ ಒಣಗುವುದಿಲ್ಲ. ಅರ್ಧ ಲೀಟರಿನ ಖಾಲಿ ನೀರಿನ ಬಾಟಲಿ ಅಡ್ಡ ಮಲಗಿದರೆ ಹೊಟ್ಟೆ, ಪೇಪರ್ ಸುರುಳಿಯ ಮೂರಿಂಚಿನ ನಾಲ್ಕು ಕಾಲು. ಸೊಂಡಿಲನ್ನು ಆಮೇಲೆ ಅಂಟಿಸಿದರೆ ಬುಡದಲ್ಲೇ ಮುರಿಯುತ್ತದೆ. ಒಂದು ತೆಳು ತಂತಿಗೆ ಪೇಪರ್ ಸುತ್ತಿ, ತಂತಿಯ ಹಿಂದಿನ ತುದಿ ತಲೆಯೊಳಗೆ ಹಾದು ಬಾಟಲಿಯ ಕತ್ತಿಗೆ ಸುತ್ತಿಕೊಳ್ಳುವಂತೆ ಮೊದಲೇ ಕಟ್ಟಬೇಕು. ಒಣಗಲು ಇಡುವಾಗ ಸಮತಟ್ಟಾದ ಹಲಗೆಯ ಮೇಲೇ ನಿಲ್ಲಿಸಿ, ಕಾಲು ಕುಗ್ಗಿ ಆನೆ ಕುಂಟುವುದು ತಪ್ಪುತ್ತದೆ. ಮೈಗೆ ಬರೀ ಕಪ್ಪು ಬೇಡ, ಕಪ್ಪಿಗೆ ಬಿಳಿ, ಚಿಟಿಕೆ ಕಂದು ಸೇರಿಸಿ ಬೂದು ಮಾಡಿ, ಕಿವಿಯ ಅಂಚಿಗೆ ನಸುಗೆಂಪು ಸವರಿ. ಹಣೆ, ಕಿವಿ, ಸೊಂಡಿಲ ಮೇಲಿನ ಬಳ್ಳಿ ಚಿತ್ತಾರ ಮಕ್ಕಳಿಗೇ ಬಿಡಿ. ಬೆಂಕಿಪೊಟ್ಟಣಕ್ಕೆ ಬಂಗಾರದ ಕಾಗದ ಅಂಟಿಸಿದರೆ ಅಂಬಾರಿ. ನಿಜವಾದ ಅಂಬಾರಿ 750 ಕಿಲೋ ತೂಗುತ್ತದೆ ಎಂದರೆ ಹುಡುಗರು ಬಾಯಿ ಬಿಡುತ್ತಾರೆ. ಮುಂದೆ ಧ್ವಜ ಹೊರುವ ನಿಶಾನೆ ಆನೆ, ಅದರ ಹಿಂದೆ ನಗಾರಿ ಹೊರುವ ನೌಫತ್ ಆನೆ, ಅಂಬಾರಿ ಆನೆಯ ಎಡಬಲಕ್ಕೆ ಜೊತೆಯಾಗಿ ನಡೆಯುವ ಕುಮ್ಕಿ ಆನೆಗಳು, ಹೀಗೆ ಕ್ರಮ ತಿಳಿಸಿಕೊಟ್ಟೇ ಜೋಡಿಸಿ.

ಗೊಂಬೆಗಳ ಮುಂದೆ ಮೊಳಕೆಯ ಹಸಿರಿನಿಂದ ಪುಟ್ಟ ಪಾರ್ಕು ಮಾಡುವುದರಲ್ಲಿ ನಮ್ಮ ಸಲಹೆ ವಾಡಿಕೆಗಿಂತ ಬೇರೆ. ಸಾಮಾನ್ಯವಾಗಿ ಪಾಡ್ಯದ ಹೊತ್ತಿಗೆ ಹಸಿರು ಸಿದ್ಧವಿರಲೆಂದು ವಾರ ಮುಂಚೆಯೇ ರಾಗಿ ಚೆಲ್ಲುತ್ತಾರೆ. ಈ ವರ್ಷ ಪಾಡ್ಯದ ದಿನವೇ ಚೆಲ್ಲಿ. ಮನಸ್ಸು ಭಾರವಾದ ಮನೆಯಲ್ಲಿ ಬೆಳಿಗ್ಗೆ ಎದ್ದು ಏನು ಬದಲಾಗಿದೆ ಎಂದು ನೋಡಲು ಒಂದು ವಸ್ತು ಬೇಕು. ತಟ್ಟೆಯಲ್ಲಿನ ರಾಗಿ ಅದಕ್ಕೆ ತಕ್ಕದ್ದು, ದಿನವೂ ಅದು ಬೇರೆಯಾಗಿಯೇ ಕಾಣುತ್ತದೆ. ಮಹಾಲಯ ಅಮಾವಾಸ್ಯೆಯ ರಾತ್ರಿ ನೆನೆಹಾಕಿ, ಪಾಡ್ಯದ ಬೆಳಿಗ್ಗೆ ನೀರು ಬಸಿಯಿರಿ. ಊಟದ ತಟ್ಟೆಯೊಂದಕ್ಕೆ ಎರಡು ದೊಡ್ಡ ಚಮಚ ರಾಗಿ. ತಟ್ಟೆಯಲ್ಲಿ ಒಂದಿಂಚು ಜರಡಿ ಹಿಡಿದ ಮಣ್ಣು ಹರಡಿ, ನೀರು ಚಿಮುಕಿಸಿ, ಕಾಳಿನ ಮೇಲೆ ಕಾಳು ಬೀಳದಂತೆ ಒತ್ತಾಗಿ ಚೆಲ್ಲಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿ. ಮೇಲೆ ಒದ್ದೆ ಬಟ್ಟೆ ಎರಡು ದಿನ. ಮೂರನೆಯ ದಿನ ಬಟ್ಟೆ ತೆಗೆದು ಕಿಟಕಿಯ ಬೆಳಕಿಗಿಡಿ. ಐದನೆಯ ದಿನಕ್ಕೆ ಹಸಿರು ಕಾಣುತ್ತದೆ, ಆಯುಧಪೂಜೆಯ ಹೊತ್ತಿಗೆ ಎರಡಿಂಚು ಹುಲ್ಲುಗಾವಲು. ಅವಸರದವರು ಒಂದು ಮೂಲೆಯಲ್ಲಿ ಸಾಸಿವೆ, ಮೆಂತ್ಯ ಹಾಕಿಕೊಳ್ಳಲಿ, ಅವು ಇನ್ನೂ ಬೇಗ ಏಳುತ್ತವೆ.

ಮೂರನೇ ದಿನ ಬೇರಿನ ಸುತ್ತ ಬಿಳಿ ನವಿರು ಕಂಡು ಬೂಷ್ಟು ಎಂದು ಎಸೆಯುವವರಿದ್ದಾರೆ. ನೀರು ಚಿಮುಕಿಸಿ ನೋಡಿ. ನವಿರು ಮಾಯವಾದರೆ ಅದು ಬೇರಿನ ರೋಮ, ಒಳ್ಳೆಯದೇ. ಮಾಯವಾಗದೆ ಜೇಡರಬಲೆಯಂತೆ ಕಾಳಿಂದ ಕಾಳಿಗೆ ಹಬ್ಬಿ, ಮುಗ್ಗು ವಾಸನೆ ಬಂದರೆ ಮಾತ್ರ ಬೂಷ್ಟು. ಅಷ್ಟು ಭಾಗ ಕೆರೆದು ತೆಗೆದು, ನೀರು ಕಡಿಮೆ ಮಾಡಿ. ಲೋಟದಿಂದ ನೀರು ಸುರಿದರೆ ಕಾಳೆಲ್ಲ ಒಂದು ಬದಿಗೆ ಕೊಚ್ಚಿಹೋಗುತ್ತದೆ, ಕೈಯಲ್ಲಿ ಚಿಮುಕಿಸುವುದೇ ಸರಿ. ಅಡುಗೆಮನೆಯ ಇಡಿ ರಾಗಿ ಸಾಕು, ಬಿತ್ತನೆಗೆ ತಂದ ಬಣ್ಣ ಲೇಪಿಸಿದ ಬೀಜ ಬೇಡ. ಅದಕ್ಕೆ ಔಷಧಿ ಹಾಕಿರುತ್ತಾರೆ. ರಾಗಿ ಹಳೆಯದಿದ್ದರೆ ಮೊದಲೇ ಇಪ್ಪತ್ತು ಕಾಳು ಒದ್ದೆ ಬಟ್ಟೆಯಲ್ಲಿಟ್ಟು ನೋಡಿ, ಹದಿನೈದಾದರೂ ಮೊಳೆಯಬೇಕು.

ಮಂಡ್ಯದ ಮನೆಗಳಿಗೆ ಇನ್ನೊಂದು ಮಾತು. ಪಾರ್ಕಿನ ಜೊತೆಗೆ ಕನ್ನಂಬಾಡಿ ಕಟ್ಟೆಯನ್ನೂ (ಕೆಆರ್‌ಎಸ್ ಅಣೆಕಟ್ಟೆ) ಕಟ್ಟಿ. ನಿಜವಾದ ಕಟ್ಟೆಯ ಉದ್ದ ಸುಮಾರು 2.6 ಕಿಲೋಮೀಟರ್. ಒಂದು ಅಡಿಗೆ ಒಂದು ಕಿಲೋಮೀಟರ್ ಎಂದಿಟ್ಟುಕೊಂಡರೆ ಎರಡು ಅಡಿ ಏಳು ಇಂಚಿನ ರಟ್ಟು ಬೇಕಾಗುತ್ತದೆ. ಎತ್ತರವನ್ನು ಅದೇ ಅಳತೆಯಲ್ಲಿ ಮಾಡಿದರೆ ಅರ್ಧ ಇಂಚೂ ಆಗದು, ಕಣ್ಣಿಗೇ ಕಾಣದು. ಹಾಗಾಗಿ ಎತ್ತರಕ್ಕೆ ಬೇರೆ ಲೆಕ್ಕ: 10 ಅಡಿಗೆ ಅರ್ಧ ಇಂಚು. ಪೂರ್ಣ ಮಟ್ಟವಾದ 124.80 ಅಡಿಗೆ ಆರೂಕಾಲು ಇಂಚು ಬರುತ್ತದೆ. ಒಳಬದಿಗೆ ಅಡಿಗಳ ಗುರುತು ಹಾಕಿ, ನೀಲಿ ಕಾಗದದ ಪಟ್ಟಿಯೊಂದನ್ನು ಮೇಲೆ ಕೆಳಗೆ ಸರಿಯುವಂತೆ ಸಿಕ್ಕಿಸಿ. ಬೆಳಿಗ್ಗೆ ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟ ನೋಡಿ ಮಗು ಆ ಪಟ್ಟಿಯನ್ನು ಸರಿಸಲಿ. ಮಟ್ಟ ಇಳಿದಿದ್ದರೆ ಇಳಿದಷ್ಟೇ ತೋರಿಸಲಿ, ಸುಳ್ಳು ನೀರು ಬೇಡ. ಹೇಗೂ ದೊಡ್ಡವರು ಬೆಳಿಗ್ಗೆ ಎದ್ದು ಮೊದಲು ನೋಡುವುದು ಅದೇ ಅಂಕಿ. ಅದರ ಚಿಂತೆಯನ್ನು ಮಕ್ಕಳಿಂದ ಮುಚ್ಚಿಡುವುದಕ್ಕಿಂತ ಜೊತೆಗೆ ಕೂತು ಅಳೆಯುವುದು ಎಷ್ಟೋ ಮೇಲು. ಕೆಳಗೆ ನಾಲೆಗೆ ಬೆಳ್ಳಿಕಾಗದ, ಕಬ್ಬಿನ ಗದ್ದೆಗೆ ಹಸಿರು ಕಾಗದ ಸುತ್ತಿದ ಕಡ್ಡಿಗಳು.

ಗೊಂಬೆ ನೋಡಲು ಬರುವ ಮಕ್ಕಳಿಗೆ ಚರ್ಪು, ಅಂದರೆ ಕೈಗಿಷ್ಟು ತಿಂಡಿ, ಕೊಡಬೇಕಲ್ಲ ಎಂಬುದೂ ಕೆಲವರಿಗೆ ಭಾರವಾಗಿದೆ. ಪ್ಯಾಕೆಟ್ ಚಾಕಲೇಟು, ಪ್ಲಾಸ್ಟಿಕ್ ಉಡುಗೊರೆ ಏನೂ ಬೇಡ. ಕಾಲು ಕಿಲೋ ಕಡಲೆಕಾಳು ರಾತ್ರಿ ನೆನೆಹಾಕಿ ಉಸಲಿ ಮಾಡಿದರೆ ಹನ್ನೆರಡು ಹದಿನೈದು ಪುಟ್ಟ ಕೈಗಳಿಗೆ ಸಾಲುತ್ತದೆ. ಉಪ್ಪನ್ನು ಬೆಂದ ಮೇಲೆ ಹಾಕಿ. ಒಂದು ದಿನ ಹುರಿಗಡಲೆ ಬೆಲ್ಲ, ಒಂದು ದಿನ ಪುರಿ. "ಗೊಂಬೆ ಕೂರ್ಸಿದ್ದೀರಾ" ಎಂದು ಬಾಗಿಲಲ್ಲಿ ನಿಂತ ಮಗುವಿಗೆ ಬೇಕಾದದ್ದು ಒಳಗೆ ಬಾ ಎಂಬ ಕರೆ.

ಸಾವಿನ ಮನೆಗಳ ವಿಷಯ ಬೇರೆಯಾಗಿಯೇ ಹೇಳಬೇಕು. ವರ್ಷ ಕಳೆಯುವ ತನಕ ಅಲ್ಲಿ ಹಬ್ಬ ಮಾಡುವುದಿಲ್ಲ, ಗೊಂಬೆಯನ್ನೂ ಕೂರಿಸುವುದಿಲ್ಲ. ಆ ಪದ್ಧತಿಯನ್ನು ನಾವು ಗೌರವಿಸುತ್ತೇವೆ. ಆದರೆ ಅದೇ ಮನೆಯ ಮಗುವಿಗೂ ರಜೆ ಇರುತ್ತದೆ, ಬೀದಿಯಲ್ಲೆಲ್ಲ ದೀಪ ಹತ್ತಿದಾಗ ಅದು ಕತ್ತಲ ಹಜಾರದಲ್ಲಿ ಕೂತಿರುತ್ತದೆ. ಪಕ್ಕದ ಮನೆಯವರು ತಮ್ಮ ಕೊನೆಯ ಮೆಟ್ಟಿಲನ್ನು ಆ ಮಗುವಿಗೆ ಬಿಟ್ಟುಕೊಡಲಿ. ಗೊಂಬೆ ಅಲ್ಲೇ ಮಾಡಲಿ, ಅಲ್ಲೇ ಇಡಲಿ. ಕರೆಯುವಾಗ "ಹಬ್ಬಕ್ಕೆ ಬಾ" ಎನ್ನಬೇಡಿ. "ಪೇಪರ್ ಹರಿಯೋಕೆ ಒಬ್ಬರು ಬೇಕು, ಬರ್ತೀಯಾ ಪುಟ್ಟಾ" ಎನ್ನಿ. ಕೆಲಸಕ್ಕೆ ಕರೆದರೆ ಬರುವ ಮಕ್ಕಳು ಸಂತೋಷಕ್ಕೆ ಕರೆದರೆ ಬರುವುದಿಲ್ಲ.

ಕಾಗದದ ಗೊಂಬೆ, ಹತ್ತಿ, ಜರಿ ಬಟ್ಟೆ ಇರುವ ಮೆಟ್ಟಿಲಿನ ಮೇಲೆ ಎಣ್ಣೆದೀಪ ಇಡಲೇಬೇಡಿ. ದೀಪ ನೆಲದ ಮೇಲೆ, ಕೊನೆಯ ಮೆಟ್ಟಿಲಿಂದ ಎರಡು ಅಡಿ ದೂರ. ಸೀರಿಯಲ್ ಸೆಟ್ಟಿನ ಜೋಡಣೆಗೆ ಟೇಪು ಸುತ್ತಿದ್ದರೂ ಆ ಭಾಗ ಬಟ್ಟೆಗೆ ತಾಗದಿರಲಿ, ಮಲಗುವ ಮುಂಚೆ ಸ್ವಿಚ್ಚು ಆರಿಸಿ. ವಿಜಯದಶಮಿಯ ರಾತ್ರಿ ಒಂದು ಗೊಂಬೆಯನ್ನು ಮಲಗಿಸಿ, ಮರುದಿನ ತೆಗೆದಿಡುವಾಗ ಮೊದಲು ಹಳೆಯ ಮೆತ್ತನೆಯ ಬಟ್ಟೆ, ಅದರ ಮೇಲೆ ಪೇಪರ್ ಸುತ್ತಿ. ಪೇಪರನ್ನು ನೇರ ಸುತ್ತಿದರೆ ಅಕ್ಷರ ಗೊಂಬೆಯ ಕೆನ್ನೆಗೆ ಇಳಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ತೇವ ಒಳಗೇ ಉಳಿದು ಬಣ್ಣ ಏಳುತ್ತದೆ. ರಟ್ಟಿನ ಪೆಟ್ಟಿಗೆ, ಒಣ ಬೇವಿನೆಲೆ ಸಾಕು.

ಕೈಯಲ್ಲಿ ನಾಲ್ಕು ಕಾಸಿರುವವರು ಚನ್ನಪಟ್ಟಣದ ಒಂದೇ ಒಂದು ಗೊಂಬೆಯನ್ನಾದರೂ ಈ ವರ್ಷ ಕೊಂಡು ಇಡಿ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಿಡಿಸುವ ಆ ಕೈಗಳಿಗೂ ಇದೇ ಕಷ್ಟಕಾಲ. ಮಕ್ಕಳನ್ನು ಅರಮನೆಯ ಗೊಂಬೆ ತೊಟ್ಟಿಗೆ ಕರೆದೊಯ್ದು, ಹಳಬರು ಬಟ್ಟೆ ಉಡಿಸಿದ ರೀತಿ ತೋರಿಸಿ.

ಈಗ ಕೋರಿಕೆಗಳು. ಶಾಲೆಗಳವರು ದಸರೆ ರಜೆಗೆ ಪಾಠ ನಕಲು ಮಾಡುವ ಮನೆಪಾಠ ಕೊಡುವುದನ್ನು ಈ ಒಂದು ವರ್ಷವಾದರೂ ಬಿಡಲಿ. ರಾಗಿ ಎಷ್ಟು ಎತ್ತರ ಬಂತು, ಜಲಾಶಯದ ಮಟ್ಟ ಎಷ್ಟಿತ್ತು ಎಂಬ ಒಂಬತ್ತು ಸಾಲಿನ ಪಟ್ಟಿ ಸಾಕು, ಅದರಲ್ಲೇ ಗಣಿತವೂ ಇದೆ, ವಿಜ್ಞಾನವೂ ಇದೆ. ಬಡಾವಣೆಗಳ ವಾಚನಾಲಯ, ಸಮುದಾಯ ಭವನಗಳವರು ಒಂದು ಮೇಜು, ಒಂದು ಬಕೆಟ್ ನೀರು, ಹಳೆಯ ಪತ್ರಿಕೆಯ ಕಟ್ಟು ಇಟ್ಟು ಮಧ್ಯಾಹ್ನ ಎರಡು ಗಂಟೆ ಬಾಗಿಲು ತೆರೆದಿಡಲಿ. ಬಾಡಿಗೆಯ ಒಂದೇ ಕೋಣೆಯಲ್ಲಿರುವ ಮನೆಯ ಮಕ್ಕಳಿಗೆ ತಿರುಳು ಕಲಸಲು ಬೇರೆ ಜಾಗವಿಲ್ಲ.

ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮಹಾಲಯ ಅಮಾವಾಸ್ಯೆಗೆ ಹತ್ತು ದಿನ ಮುಂಚೆ ಒಂದು ಪುಟದಲ್ಲಿ ಪೇಟ ಸುತ್ತುವ ಚಿತ್ರ, ಆನೆಯ ಅಳತೆ, ಕಟ್ಟೆಯ ನಕ್ಷೆ ಅಚ್ಚು ಮಾಡಿ. ಕತ್ತರಿಸುವ ಗೆರೆಯನ್ನು ಅಂಚಿನಿಂದ ಒಂದಿಂಚಾದರೂ ಒಳಗೆ ಹಾಕಿ, ಮಡಿಕೆ ಬೀಳುವ ಜಾಗದಲ್ಲಿ ಮುಖ ಬರದಿರಲಿ. ಬಣ್ಣದ ಹೊಳಪು ಕಾಗದದ ಪುರವಣಿಯಲ್ಲಿ ಮಾತ್ರ ಬೇಡ. ಆ ಕಾಗದ ಬೇಗ ನೀರು ಕುಡಿಯುವುದಿಲ್ಲ, ಮಿಕ್ಸಿಯಲ್ಲಿ ಸರಿಯಾಗಿ ತಿರುಳಾಗುವುದಿಲ್ಲ. ಮಾಮೂಲಿ ಕಪ್ಪು ಬಿಳುಪು ಪುಟದಲ್ಲೇ ಬರಲಿ. ಚಿತ್ರ ಕತ್ತರಿಸಿಕೊಂಡು ಉಳಿದದ್ದನ್ನು ಮಕ್ಕಳು ಅವತ್ತೇ ರಾತ್ರಿ ನೆನೆಹಾಕಿಬಿಡಬಹುದು.

ಇಂತಿ ನಮಸ್ಕಾರಗಳೊಂದಿಗೆ,
ಗೊಂಬೆ ಕೆಲಸ ಹೇಳಿಕೊಡುವ ಕೆಲವರು
ಮೈಸೂರು